ಅಜ್ಜಿ ಕುದುರೆಯ ಎಡಗಡೆ

"ತಪ್ಪು," ಅಂದಳು ಕಡ್ಡಿ. "ಮತ್ತೆ ಮೊದಲಿಂದ."

ಅಮ್ಮ ಕುರ್ಚಿಯ ಮೇಲಿದ್ದ ದಿಂಬನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ಹಿಂದೆ ಹೋದಳು.

"ಈಗೇನು ತಪ್ಪಾಯ್ತು? ಎಡಗಡೆಯಿಂದಲೇ ಬಂದೆನಲ್ಲ."

"ಬಂದೆ. ಆದರೆ ಬರ್ತಾ ಬರ್ತಾ ಕುರ್ಚಿ ಜೊತೆ ಮಾತಾಡಿದೆ."

"ಮಾತಾಡಿದ್ನಾ?"

"'ಏನಮ್ಮಾ ಅಜ್ಜಿ, ನಿದ್ದೆ ಆಯ್ತಾ, ಸ್ವಲ್ಪ ಬೆನ್ನು ಕೊಡು ತಾಯಿ' ಅಂದೆ. ಕುರ್ಚಿಗೆ."

ಅಮ್ಮನಿಗೆ ನಗು ಬಂತು. ದಿಂಬನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಡ್ಡಿ ನಗಲಿಲ್ಲ. ಪರೀಕ್ಷೆಗೆ ಇನ್ನು ಎರಡೇ ದಿನ ಇತ್ತು.

ಕುರ್ಚಿ ಅಂದರೆ ಕುದುರೆ. ದಿಂಬು ಅಂದರೆ ಜೀನು. ಜೀನನ್ನು ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿಗೆ ಒಂದು ಹಳೇ ಬೆಲ್ಟು. ಅಜ್ಜಿ ಅಂದರೆ ಯಾರ ಅಜ್ಜಿಯೂ ಅಲ್ಲ. ಅಮ್ಮ ಕೆಲಸ ಮಾಡುವ ಕುದುರೆ ಸವಾರಿ ಶಾಲೆಯ ಅತಿ ಹಳೆಯ ಕುದುರೆಯ ಹೆಸರು ಅದು. ಅದಕ್ಕೆ ಇಪ್ಪತ್ತನಾಲ್ಕು ವರ್ಷ. ಕಡ್ಡಿಗೆ ಹತ್ತು.

ಕಡ್ಡಿಯ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಸಣ್ಣಗೆ ಉದ್ದಕ್ಕೆ ಇದ್ದಳು ಅಂತ ಆ ಅಡ್ಡಹೆಸರು ಬಂದಿತ್ತು. ಕಡ್ಡಿ ಮುರಿದ ಹಾಗೆ ಮಾತಾಡ್ತಾಳೆ, ಅದಕ್ಕೇ ಆ ಹೆಸರು ಅಂತಲೂ ಕೆಲವರು ಹೇಳುತ್ತಿದ್ದರು.

"ಕುದುರೆಗೆ ಹೊಟ್ಟೆನೋವು ಬಂದರೆ ಹೇಗೆ ಗೊತ್ತಾಗುತ್ತೆ?" ಕಡ್ಡಿ ಪರೀಕ್ಷೆಯ ಪುಸ್ತಕ ನೋಡಿ ಕೇಳಿದಳು.

"ಅದರ ಮುಖ ನೋಡಿದರೆ ಗೊತ್ತಾಗುತ್ತೆ."

"ಅಮ್ಮ. ಹಾಗೆ ಹೇಳಿದರೆ ಮಾರ್ಕ್ಸ್ ಕೊಡಲ್ಲ. ಮೂರು ಲಕ್ಷಣ ಹೇಳಬೇಕು."

ಅಮ್ಮ ಬೆರಳು ಮಡಚಿದಳು. "ತಿರುಗಿ ತಿರುಗಿ ಹೊಟ್ಟೆ ಕಡೆ ನೋಡುತ್ತೆ. ಮುಂಗಾಲಲ್ಲಿ ನೆಲ ಕೆರೆಯುತ್ತೆ. ತಿನ್ನೋದಿಲ್ಲ. ಮತ್ತೆ ಮುಖ."

"ಮುಖ ಬೇಡ."

"ಮುಖವೇ ಮೊದಲು ಗೊತ್ತಾಗೋದು ಕಣೇ."

"ಪುಸ್ತಕದಲ್ಲಿ ಮುಖ ಇಲ್ಲ."

ಅಮ್ಮ ಮಡಚಿದ್ದ ನಾಲ್ಕನೇ ಬೆರಳನ್ನು ಬಿಡಿಸಿದಳು. ಪುಸ್ತಕ ಅಂದರೆ ಅಮ್ಮನಿಗೆ ಸ್ವಲ್ಪ ಹೆದರಿಕೆ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು.

ಈ ಎಲ್ಲ ತೊಂದರೆ ಶುರುವಾದದ್ದು ಸವಾರಿ ಶಾಲೆಯ ಆಫೀಸ್ ಬಾಗಿಲಿಗೆ ಅಂಟಿಸಿದ ಒಂದು ಹಾಳೆಯಿಂದ. ಮುಂದಿನ ತಿಂಗಳಿಂದ, ಮಗು ಕೂತಿರುವ ಕುದುರೆಯ ಹಗ್ಗ ಹಿಡಿಯುವವರೆಲ್ಲ ಸವಾರಿಯ ಒಂದನೇ ಲೆವೆಲ್ ಪರೀಕ್ಷೆ ಪಾಸಾಗಿರಬೇಕು ಅಂತ ಅದರಲ್ಲಿ ಬರೆದಿತ್ತು. ಪಾಸಾದವರಿಗೆ ಹಸಿರು ಬ್ಯಾಡ್ಜು ಕೊಡುತ್ತಾರೆ. ಬ್ಯಾಡ್ಜು ಇಲ್ಲದವರು ಲಾಯ ಗುಡಿಸಬಹುದು, ಲದ್ದಿ ಎತ್ತಬಹುದು, ಹುಲ್ಲು ಹಾಕಬಹುದು. ಹಗ್ಗ ಹಿಡಿಯುವಂತಿಲ್ಲ.

ಅಮ್ಮ ಹತ್ತು ವರ್ಷದಿಂದ ಹಗ್ಗ ಹಿಡಿಯುತ್ತಿದ್ದಳು. ಮೊದಲ ಸಲ ಕುದುರೆ ಹತ್ತುವ ಪುಟ್ಟ ಮಕ್ಕಳನ್ನು ಅಜ್ಜಿಯ ಮೇಲೆ ಕೂರಿಸಿ, ಮರಳಿನ ಅಂಗಳದಲ್ಲಿ ಸುತ್ತು ಹಾಕಿಸುವುದು ಅವಳ ಕೆಲಸ. ಅಳುತ್ತಾ ಹತ್ತಿದ ಮಗು ಇಳಿಯುವಾಗಲೂ ಅಳುತ್ತಿತ್ತು, ಇಳಿಯಲ್ಲ ಅಂತ.

"ಲದ್ದಿ ಎತ್ತೋದೂ ಕೆಲಸವೇ," ಅಂದಿದ್ದಳು ಅಮ್ಮ, ಹಾಳೆಯಲ್ಲಿ ಏನಿದೆ ಅಂತ ತಿಳಿದ ದಿನ. ಆದರೆ ಆ ದಿನ ಮನೆಗೆ ಬಂದವಳು ಬೂಟು ಬಿಚ್ಚದೆ ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಕಡ್ಡಿ ಅದನ್ನು ಕಿಟಕಿಯಿಂದ ನೋಡಿದ್ದಳು. ನೋಡಿಯೇ, "ನಾನು ಹೇಳಿಕೊಡ್ತೀನಿ, ನೀನೂ ಪರೀಕ್ಷೆಗೆ ಕೂತ್ಕೋ," ಅಂದಿದ್ದಳು.

ಕಡ್ಡಿಯೂ ಅದೇ ಪರೀಕ್ಷೆಗೆ ಕೂರುವವಳು. ಹಸಿರು ಬ್ಯಾಡ್ಜು ಇದ್ದವರನ್ನು ಭಾನುವಾರ ಅಂಗಳದಿಂದ ಹೊರಗೆ, ಮರಗಳ ನಡುವಿನ ಮಣ್ಣುದಾರಿಯಲ್ಲಿ ಸವಾರಿಗೆ ಕರೆದುಕೊಂಡು ಹೋಗುತ್ತಿದ್ದರು. ಒಂದು ವರ್ಷದಿಂದ ಅವಳು ಬೇಲಿಯ ಈಚೆ ನಿಂತು, ಹಾಗೆ ಹೋಗುವ ಕುದುರೆಗಳ ಬಾಲ ನೋಡುತ್ತಿದ್ದಳು. ಹಾಗಾಗಿ ಪುಸ್ತಕ ಅವಳಿಗೆ ಬಾಯಿಪಾಠ ಆಗಿತ್ತು. ಒಂಬತ್ತನೇ ಪುಟವೂ.

"ಒಂಬತ್ತನೇ ಪುಟ ಕೇಳಿಸ್ಕೋ," ಅಂದಳು. "'ಕೇಳದ ಹೊರತು ಪರೀಕ್ಷಾರ್ಥಿಗಳು ಮಾತಾಡಬಾರದು. ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟರೆ, ಹೇಳಿಕೊಟ್ಟವರ ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ.' ಗೊತ್ತಾಯ್ತಾ? ಮಾತಾಡಬಾರದು."

"ಕುದುರೆ ಜೊತೆಗೂ?"

ಕಡ್ಡಿ ಒಂದು ಕ್ಷಣ ಪುಸ್ತಕ ನೋಡಿದಳು. ಅದರಲ್ಲಿ ಕುದುರೆಯ ವಿಷಯ ಏನೂ ಇರಲಿಲ್ಲ.

"ಯಾರ ಜೊತೆಗೂ," ಅಂದಳು.

ಅಮ್ಮ ತುಟಿ ಬಿಗಿಹಿಡಿದು, ಎಡಗಡೆಯಿಂದ ಕುರ್ಚಿಯ ಹತ್ತಿರ ಬಂದು, ದಿಂಬು ಇಟ್ಟು, ಬೆಲ್ಟು ಬಿಗಿದಳು. ನಾಲ್ಕು ಹೆಜ್ಜೆ ಕುರ್ಚಿಯನ್ನು ಎಳೆದು, ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡಿದಳು. ಯಾಕೆಂದರೆ ಪಟ್ಟಿ ಕಟ್ಟುವಾಗ ಕುದುರೆಗಳು ಉಸಿರು ಹಿಡಿದು ಹೊಟ್ಟೆ ಉಬ್ಬಿಸುತ್ತವೆ. ನಡೆಸಿದಾಗ ಉಸಿರು ಬಿಡುತ್ತವೆ, ಪಟ್ಟಿ ಸಡಿಲವಾಗುತ್ತದೆ.

"ನಿನ್ನ ಕುರ್ಚಿ ಹೊಟ್ಟೆ ಉಬ್ಬಿಸೋದೇ ಇಲ್ಲ," ಅಂದಳು ಅಮ್ಮ. "ಪಾಪ, ಒಳ್ಳೇ ಕುದುರೆ."

"ಅಮ್ಮ, ಮಾತು."

"ಆಯ್ತು, ಟೀಚರ್."

* * *

ಮರುದಿನ, ಶನಿವಾರ, ಸವಾರಿ ಕ್ಲಾಸು ಮುಗಿದ ಮೇಲೆ ಮಕ್ಕಳೆಲ್ಲ ಬೇಲಿಯ ಮೇಲೆ ಸಾಲಾಗಿ ಕೂತಿದ್ದರು. ಅವರಲ್ಲಿ ಒಬ್ಬ ಹುಡುಗನಿಗೆ ಮೊಣಕಾಲವರೆಗಿನ ಹೊಸ ಬೂಟು ಇತ್ತು. ಅದನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದ. ಎಲ್ಲರೂ ಅವನನ್ನು ಬೂಟು ಅಂತಲೇ ಕರೆಯುತ್ತಿದ್ದರು.

ಅಮ್ಮ ಲಾಯದಿಂದ ಅಜ್ಜಿಯನ್ನು ನೀರಿನ ತೊಟ್ಟಿಯ ಕಡೆ ಕರೆದುಕೊಂಡು ಬರುತ್ತಿದ್ದಳು. ಬಾಯಿ ನಿಂತಿರಲಿಲ್ಲ.

"ಇಲ್ಲೊಂದು ಬಕೆಟ್ ಇದೆ ನೋಡ್ಕೊಂಡು ಬಾ. ಯಾರಿಟ್ಟರೋ ಪುಣ್ಯಾತ್ಮರು. ಈಗ ನಿನ್ನ ಪಕ್ಕಕ್ಕೆ ಬಂದೆ ನೋಡು. ಇದು ನನ್ನ ಕೈ. ಕುಡಿ, ಕುಡಿ, ಅವಸರ ಏನಿಲ್ಲ, ಎಲ್ಲಿಗೆ ಹೋಗಬೇಕು ನಮಗೆ..."

ಬೂಟು ಪಕ್ಕದವನ ಭುಜ ತಟ್ಟಿ, ಸೊಂಟಕ್ಕೆ ಕೈ ಇಟ್ಟು, ದನಿ ಸಣ್ಣ ಮಾಡಿ ಶುರು ಮಾಡಿದ. "ಕುಡಿಯೇ ನನ್ನ ರಾಣಿ. ಟೀ ಬೇಕಾ, ಕಾಫಿ ಬೇಕಾ? ಪೇಪರ್ ಓದಿ ಹೇಳ್ಲಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಹುಡುಗಿ ಕಡ್ಡಿಯ ಕಡೆ ತಿರುಗಿ, "ನಿಮ್ಮಮ್ಮ ಮನೇಲೂ ಹೀಗೇನಾ?" ಅಂದಳು.

ಕಡ್ಡಿ ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು. ಆಮೇಲೆ ತಲೆ ಎತ್ತಿದಾಗ ಅಮ್ಮ ಇತ್ತಲೇ ನೋಡುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅಜ್ಜಿ ನೀರು ಕುಡಿಯುವವರೆಗೂ ಅಮ್ಮ ಅಂಗೈಯಿಂದ ಅದರ ಕುತ್ತಿಗೆ ಸವರುತ್ತಾ ನಿಂತಳು.

ಸಂಜೆ ಕಡ್ಡಿ ಮತ್ತೆ ಹೇಳಿದಳು. "ನಾಳೆ ಒಂದೂ ಮಾತಿಲ್ಲ. ಪ್ರಾಮಿಸ್ ಮಾಡು."

"ಪ್ರಾಮಿಸ್," ಅಂದಳು ಅಮ್ಮ. ಯಾಕೆ ಅಂತ ಕೇಳಲಿಲ್ಲ.

* * *

ಭಾನುವಾರ ಬೆಳಗ್ಗೆ ಒಂಬತ್ತು ಜನ ಪರೀಕ್ಷಾರ್ಥಿಗಳು ಬೇಲಿಯ ಪಕ್ಕ ಸಾಲಾಗಿ ನಿಂತರು. ಎಂಟು ಮಕ್ಕಳು, ಒಬ್ಬಳು ಅಮ್ಮ. ಅಮ್ಮನ ನಂಬರ್ ಎಂಟು, ಕಡ್ಡಿಯದು ಕೊನೆಯದು, ಒಂಬತ್ತು. ನಂಬರ್ ಬರೆದ ಬಟ್ಟೆಯನ್ನು ಮಕ್ಕಳ ಅಳತೆಗೆ ಹೊಲಿದಿದ್ದರು. ಅಮ್ಮನಿಗೆ ಅದು ಬೆನ್ನಿನ ಹಿಂದೆ ಕೂಡಲಿಲ್ಲ. ಸವಾರಿ ಕಲಿಸುವ ಕೋಚ್ ಮೇಡಂ ಒಂದು ತುಂಡು ದಾರದಿಂದ ಕಟ್ಟಿಕೊಟ್ಟರು.

"ನಿನಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ," ಅಂದರು ಅಮ್ಮನಿಗೆ ಮೆಲ್ಲಗೆ. ಅಮ್ಮ ತಲೆ ಆಡಿಸಿದಳು. ಅವಳ ಕೈ ಐಸಿನ ಹಾಗಿತ್ತು. ಪಕ್ಕದಲ್ಲಿ ನಿಂತ ಕಡ್ಡಿಗೆ ತಾಗಿದಾಗ ಗೊತ್ತಾಯಿತು.

ಪರೀಕ್ಷೆ ಮಾಡಲು ಬೇರೆ ಊರಿನಿಂದ ಒಬ್ಬರು ಬಂದಿದ್ದರು. ನರೆತ ಕೂದಲು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ಗದರುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಕುದುರೆಯನ್ನು ಅಂಗಳದ ನಡುವಿನ ಕಂಬಕ್ಕೆ ಕಟ್ಟುತ್ತಿದ್ದರು. ಒಬ್ಬೊಬ್ಬರೂ ಹೋಗಿ ಕುದುರೆಗೆ ಜೀನು ಹಾಕಿ, ಗೊರಸು ಎತ್ತಿ ಕಸ ತೆಗೆದು, ಹತ್ತಿ, ನಡೆಸಿ, ಇಳಿಯಬೇಕು.

ಬೂಟು ಮೂರನೆಯವನು. ಚೆನ್ನಾಗಿಯೇ ಮಾಡಿದ. ಆದರೆ ನಾಲ್ಕು ಹೆಜ್ಜೆ ನಡೆಸಿ ಪಟ್ಟಿ ಬಿಗಿ ಮಾಡುವುದನ್ನು ಮರೆತ. ಹತ್ತಲು ಕಾಲಿಟ್ಟಾಗ ಜೀನು ಜಾರಿ ಅವನನ್ನು ಮೆಲ್ಲಗೆ ಮರಳಿನ ಮೇಲೆ ಇಳಿಸಿತು. ಎದ್ದು, ಬೂಟು ಒರೆಸಿಕೊಂಡು, ಮತ್ತೆ ಬಿಗಿದು ಹತ್ತಿದ. ಪರೀಕ್ಷಕರು ಏನೋ ಬರೆದುಕೊಂಡರು.

"ನಂಬರ್ ಎಂಟು," ಅಂದರು.

ಅಮ್ಮನ ಸರದಿಗೆ ಅಜ್ಜಿಯೇ ಬಂದಿತ್ತು. ಕಡ್ಡಿ ಬೇಲಿಗೆ ಒರಗಿ ನಿಂತಳು. ಅಜ್ಜಿ ಅಂದರೆ ಅಮ್ಮನಿಗೆ ಅಂಗೈ ಇದ್ದ ಹಾಗೆ. ಇನ್ನೇನು ಹೆದರಿಕೆ?

ಅಮ್ಮ ಜೀನನ್ನು ಎಡತೋಳಿನ ಮೇಲೆ ಹೊತ್ತು ಹೊರಟಳು. ಎಡಗಡೆಯಿಂದ, ಭುಜದ ನೇರಕ್ಕೆ, ಪುಸ್ತಕದಲ್ಲಿ ಇದ್ದ ಹಾಗೆ. ತುಟಿ ಬಿಗಿಯಾಗಿತ್ತು. ಮರಳಿನ ಮೇಲೆ ಹೆಜ್ಜೆ ಸದ್ದಾಗಲಿಲ್ಲ.

ಅಮ್ಮನ ಕೈ ಭುಜಕ್ಕೆ ತಾಗಿದ್ದೇ ತಡ, ಅಜ್ಜಿ ಬೆಚ್ಚಿಬಿತ್ತು. ತಲೆ ಮೇಲೆತ್ತಿ ಹಗ್ಗ ಜಗ್ಗಿತು. ಹಿಂಭಾಗ ಆಚೆ ತಿರುಗಿಸಿ ಎರಡು ಹೆಜ್ಜೆ ಸರಿಯಿತು. ಅಮ್ಮ ತಕ್ಷಣ ಹಿಂದೆ ಬಂದಳು.

ಬೇಲಿಯ ಪಕ್ಕ ಯಾರೋ "ಅಯ್ಯೋ" ಅಂದರು.

ಅಮ್ಮ ಮತ್ತೆ ಹೋದಳು. ಈ ಸಲ ಇನ್ನೂ ನಿಧಾನ. ಮತ್ತೆ ಅಜ್ಜಿ ಬೆಚ್ಚಿತು. ಮೂಗಿನ ಹೊಳ್ಳೆ ಅರಳಿಸಿ ಜೋರಾಗಿ ಉಸಿರು ಬಿಟ್ಟಿತು. ಮುದಿ ಕಾಲುಗಳು ನಡುಗುತ್ತಿದ್ದವು.

"ಮೂರನೇ ಸಲವೂ ಕುದುರೆ ಹೆದರಿದರೆ ನಿಲ್ಲಿಸಬೇಕಾಗುತ್ತೆ," ಅಂದರು ಪರೀಕ್ಷಕರು. "ನಿಮಗೇ ಪೆಟ್ಟಾದೀತು. ಆಮೇಲೆ ಮುಂದಿನ ಪರೀಕ್ಷೆಗೇ ಬರಬೇಕು."

ಅಮ್ಮ ಹಿಂದೆ ತಿರುಗಿದಳು. ಕಡ್ಡಿಯ ಕಡೆ ನೋಡಿದಳು. ತುಟಿ ಇನ್ನೂ ಬಿಗಿಯಾಗಿಯೇ ಇತ್ತು. ನೋಡು, ನಾನು ಮಾತಾಡ್ತಿಲ್ಲ, ನೀನು ಹೇಳಿದ ಹಾಗೇ ಮಾಡ್ತಿದ್ದೀನಿ, ಆದರೂ ಯಾಕೆ ಹೀಗಾಗ್ತಿದೆ, ಅನ್ನುವ ಹಾಗಿತ್ತು ಆ ಮುಖ.

ಕಡ್ಡಿ ಅಜ್ಜಿಯನ್ನು ನೋಡಿದಳು. ಅಜ್ಜಿಯ ಎಡಗಣ್ಣು ಐದು ವರ್ಷದಿಂದ ಕಾಣುತ್ತಿರಲಿಲ್ಲ. ಏನೋ ಕಾಯಿಲೆ ಬಂದು, ಹಾಲು ಕದಡಿದ ನೀರಿನ ಹಾಗೆ ಬೆಳ್ಳಗಾಗಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಕಡ್ಡಿಗೂ ಗೊತ್ತಿತ್ತು. ಆದರೆ ಈಗ ಅವಳು ನೋಡಿದ್ದು ಕಣ್ಣನ್ನಲ್ಲ, ಕಿವಿಯನ್ನು. ಅಜ್ಜಿಯ ಎಡಗಿವಿ ಮುಂದೆ ಬರುತ್ತಿತ್ತು, ಹಿಂದೆ ಹೋಗುತ್ತಿತ್ತು, ಮತ್ತೆ ಮುಂದೆ ಬರುತ್ತಿತ್ತು. ಅದು ಹುಡುಕುತ್ತಿತ್ತು.

ಇಲ್ಲೊಂದು ಬಕೆಟ್ ಇದೆ. ಈಗ ನಿನ್ನ ಪಕ್ಕಕ್ಕೆ ಬಂದೆ ನೋಡು. ಇದು ನನ್ನ ಕೈ.

ಕಡ್ಡಿ ಬೇಲಿಯಿಂದ ಒಂದು ಹೆಜ್ಜೆ ಮುಂದೆ ಬಂದಳು.

ಅಮ್ಮ ಮೂರನೇ ಸಲ ಹೆಜ್ಜೆ ಎತ್ತಿದಳು.

ಕಡ್ಡಿಗೆ ಒಂಬತ್ತನೇ ಪುಟ ನೆನಪಿತ್ತು. ಮಣ್ಣುದಾರಿಯೂ, ಮರಗಳೂ, ಕುದುರೆಗಳ ಬಾಲವೂ ಒಟ್ಟಿಗೇ ನೆನಪಾದವು.

"ಅಮ್ಮ, ಮಾತಾಡು," ಅಂದಳು.

ಅಂಗಳವೆಲ್ಲ ಅವಳ ಕಡೆ ತಿರುಗಿತು. ಅಮ್ಮ ನಿಂತಳು. ಆದರೆ ಬಾಯಿ ಬಿಡಲಿಲ್ಲ, ತಲೆ ಅಡ್ಡ ಆಡಿಸಿದಳು.

"ಪ್ರಾಮಿಸ್ ವಾಪಸ್ ತಗೊಂಡೆ," ಅಂದಳು ಕಡ್ಡಿ. "ದಿನಾ ಮಾತಾಡ್ತೀಯಲ್ಲ, ಹಾಗೇ ಮಾತಾಡು. ಅದಕ್ಕೆ ನೀನು ಕಾಣಿಸ್ತಿಲ್ಲ."

ಪರೀಕ್ಷಕರು ಪೆನ್ನು ಕೆಳಗಿಳಿಸಿ ಬಂದರು. "ಯಾರಿಗೆ ಕಾಣಿಸ್ತಿಲ್ಲ?"

"ಅಜ್ಜಿಗೆ. ಎಡಗಣ್ಣು ಕಾಣಲ್ಲ ಅದಕ್ಕೆ. ಅಮ್ಮ ಮಾತಾಡಿದರೆ ಎಲ್ಲಿದ್ದಾಳೆ ಅಂತ ಗೊತ್ತಾಗುತ್ತೆ."

ಪರೀಕ್ಷಕರು ಅಜ್ಜಿಯನ್ನು ಮಾತಾಡಿಸುತ್ತಲೇ ಮುಂದಿನಿಂದ ಹೋಗಿ, ಎಡಗಣ್ಣಿನ ಮುಂದೆ ಮೆಲ್ಲಗೆ ಕೈ ಆಡಿಸಿದರು. ಅಜ್ಜಿ ರೆಪ್ಪೆ ಮಿಟುಕಿಸಲಿಲ್ಲ. ಅವರು ಕೋಚ್ ಮೇಡಂ ಕಡೆ ತಿರುಗಿದರು.

"ಕುದುರೆಗಳ ಪಟ್ಟಿಯಲ್ಲಿ ಇದನ್ನ ಬರೆದಿಲ್ಲ."

ಕೋಚ್ ಮೇಡಂ ಮುಖ ಕೆಂಪಾಯಿತು. "ನನ್ನ ತಪ್ಪು. ಈಕೆ ಜೊತೆಗಿದ್ದಾಗ ಅದು ಕುರುಡು ಅಂತ ನಮಗೆ ಅನಿಸೋದೇ ಇಲ್ಲ. ಮರೆತೇಹೋಯ್ತು."

"ಕುದುರೆ ಜೊತೆ ಮಾತಾಡಬಾರದು ಅಂತ ಇವರಿಗೆ ಯಾರು ಹೇಳಿದ್ದು?"

ಅಮ್ಮ ನೆಲ ನೋಡುತ್ತಾ ನಿಂತಿದ್ದಳು.

"ನಾನು," ಅಂದಳು ಕಡ್ಡಿ.

"ಪುಸ್ತಕದಲ್ಲಿ ಹಾಗಿಲ್ಲವಲ್ಲ."

"ಇಲ್ಲ. ನಾನೇ ಸೇರಿಸಿದ್ದು."

ಪರೀಕ್ಷಕರು ಅವಳ ಕಡೆ ತಿರುಗಿದರು. "ಕೈ ಎತ್ತಿ ನನಗೆ ಹೇಳಬಹುದಿತ್ತು."

ಕಡ್ಡಿಗೆ ಅದು ಹೊಳೆದೇ ಇರಲಿಲ್ಲ.

"ಒಂಬತ್ತನೇ ಪುಟ ಓದಿದ್ದೀಯಾ?"

"ಓದಿದ್ದೀನಿ. ಬಾಯಿಪಾಠ ಇದೆ."

"ಹಾಗಾದರೆ ನಂಬರ್ ಬಿಚ್ಚಿ ಆಚೆ ಕೂತ್ಕೋ. ಮೂರು ತಿಂಗಳಿಗೆ ನಾನು ಮತ್ತೆ ಬರ್ತೀನಿ, ಆಗ ನೀನೂ ಬಾ." ದನಿ ಗಟ್ಟಿ ಇರಲಿಲ್ಲ. ಆದರೆ ಮಾತು ಬದಲಾಗುವ ಹಾಗೂ ಇರಲಿಲ್ಲ. "ನಂಬರ್ ಎಂಟು, ನೀವು ಮೊದಲಿಂದ ಶುರು ಮಾಡಿ. ಕುದುರೆ ವಿಷಯ ನನಗೆ ಹೇಳದೆ ಇದ್ದದ್ದು ನಿಮ್ಮ ತಪ್ಪಲ್ಲ."

ಕಡ್ಡಿ ಬೇಲಿಯ ಆಚೆ ಹೋಗಿ ನಂಬರ್ ಬಟ್ಟೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಕಣ್ಣು ಉರಿಯುತ್ತಿತ್ತು. ಬೇಲಿಯ ಕಂಬಿಗಳ ನಡುವಿನಿಂದ ನೋಡಿದಳು.

ಅಮ್ಮ ಬೇಲಿಯ ಹತ್ತಿರದಿಂದಲೇ ಶುರು ಮಾಡಿದಳು. ಮೊದಲು ಒಮ್ಮೆ ಕೆಮ್ಮಿಕೊಂಡಳು.

"ಏನಮ್ಮಾ ಅಜ್ಜಿ. ನಾನೇ ಕಣೇ. ಎರಡು ಸಲ ಹೆದರಿಸಿಬಿಟ್ಟೆ ನಿನ್ನ. ನನಗೂ ಹೆದರಿಕೆ, ನಿನಗೂ ಹೆದರಿಕೆ, ಒಳ್ಳೇ ಜೋಡಿ ನಾವು. ಈಗ ಬರ್ತಿದ್ದೀನಿ. ಕೈಯಲ್ಲಿ ಜೀನಿದೆ. ಇದೋ, ಪಕ್ಕಕ್ಕೆ ಬಂದೆ. ಇದು ನನ್ನ ಕೈ..."

ಅಜ್ಜಿಯ ಎಡಗಿವಿ ತಿರುಗಿತು. ತಿರುಗಿ ಅಮ್ಮನ ಕಡೆಗೇ ನಿಂತಿತು. ತಲೆ ನಿಧಾನವಾಗಿ ಕೆಳಗಿಳಿಯಿತು. ಉದ್ದಕ್ಕೆ ಒಂದು ಉಸಿರು ಬಿಟ್ಟು, ಒಂದು ಹಿಂಗಾಲನ್ನು ಸಡಿಲ ಮಾಡಿ ನಿಂತಿತು.

ಆಮೇಲಿನದೆಲ್ಲ ಸಲೀಸಾಗಿ ನಡೆಯಿತು. ಜೀನು, ಪಟ್ಟಿ, ನಾಲ್ಕು ಹೆಜ್ಜೆ, ಮತ್ತೆ ಪಟ್ಟಿ. "ಉಸಿರು ಬಿಡು ಕಳ್ಳಿ, ಗೊತ್ತು ನಂಗೆ," ಅಂದಳು ಅಮ್ಮ. ಪರೀಕ್ಷಕರು ಹಾಳೆ ನೋಡುವವರ ಹಾಗೆ ತಲೆ ಬಗ್ಗಿಸಿಕೊಂಡರು.

ಸವಾರಿ ಆಗಿ ಇಳಿದ ಮೇಲೆ ಪ್ರಶ್ನೆಗಳು. ಕೊನೆಯದು ಹೊಟ್ಟೆನೋವಿನದು.

"ತಿರುಗಿ ತಿರುಗಿ ಹೊಟ್ಟೆ ಕಡೆ ನೋಡುತ್ತೆ," ಅಂದಳು ಅಮ್ಮ. "ನೆಲ ಕೆರೆಯುತ್ತೆ. ತಿನ್ನೋದಿಲ್ಲ." ನಿಲ್ಲಿಸಿದಳು. ಬೇಲಿಯ ಕಡೆ ಕಡ್ಡಿಯನ್ನು ನೋಡಿದಳು. ಕಡ್ಡಿ ಮೆಲ್ಲಗೆ ತಲೆ ಆಡಿಸಿದಳು, ಹೇಳು ಅಂತ ಅಲ್ಲ, ಬೇಡ ಅಂತಲೂ ಅಲ್ಲ, ನಿನ್ನಿಷ್ಟ ಅನ್ನುವ ಹಾಗೆ.

"ಮತ್ತೆ ಮುಖ," ಅಂದಳು ಅಮ್ಮ.

"ಮುಖ ಹೇಗಾಗುತ್ತೆ?"

"ಕಣ್ಣಿನ ಮೇಲೆ ಸುಕ್ಕು ಬರುತ್ತೆ. ಮೂಗಿನ ಹೊಳ್ಳೆ ಬಿಗಿಯಾಗುತ್ತೆ. ನಮಗೆ ನೋವಾದಾಗ ಯಾರಿಗೂ ಹೇಳದೆ ಇರ್ತೀವಲ್ಲ, ಹಾಗೆ."

ಪರೀಕ್ಷಕರು ಅದನ್ನೂ ಬರೆದುಕೊಂಡರು.

* * *

ಮಧ್ಯಾಹ್ನ ಬ್ಯಾಡ್ಜು ಕೊಟ್ಟರು. ಏಳು ಮಕ್ಕಳಿಗೆ, ಅಮ್ಮನಿಗೆ. ಅಮ್ಮ ಅದನ್ನು ಚುಚ್ಚಿಕೊಳ್ಳದೆ ಮುಷ್ಟಿಯಲ್ಲಿ ಹಿಡಿದುಕೊಂಡು ಲಾಯಕ್ಕೆ ಬಂದಳು. ಕಡ್ಡಿ ಅಲ್ಲಿ ಹುಲ್ಲಿನ ಮೂಟೆಯ ಮೇಲೆ ಕೂತಿದ್ದಳು.

"ನಿಂದು ಹೋಯ್ತಲ್ಲೇ," ಅಂದಳು ಅಮ್ಮ.

"ಮೂರು ತಿಂಗಳಿದೆ."

"ಇವತ್ತು ಸವಾರಿಗೆ ಹೋಗಬೇಕಿತ್ತು ನೀನು."

ಕಡ್ಡಿ ಅಮ್ಮನ ಮುಷ್ಟಿ ಬಿಡಿಸಿ ಬ್ಯಾಡ್ಜು ತೆಗೆದುಕೊಂಡಳು. ಬೆರಳಿನಷ್ಟು ಅಗಲದ ಹಸಿರು ಲಾಳ. ಅಮ್ಮನ ಕೆಲಸದ ಅಂಗಿಯ ಜೇಬಿನ ಮೇಲೆ ಅದನ್ನು ಚುಚ್ಚಿದಳು. ಸೊಟ್ಟಗಾಯಿತು. ತೆಗೆದು ಇನ್ನೊಮ್ಮೆ ಚುಚ್ಚಿದಳು.

"ನಿನ್ನೆ," ಅಂದಳು, ಬ್ಯಾಡ್ಜನ್ನೇ ನೋಡುತ್ತಾ. "ಬೂಟು ಹೇಳಿದ್ದು ನಿಂಗೆ ಕೇಳಿಸಿತ್ತಾ?"

"ಚೆನ್ನಾಗಿ ಮಾಡ್ತಾನೆ ನನ್ನ ಥರ," ಅಂದಳು ಅಮ್ಮ. "ದನಿ ಮಾತ್ರ ಇನ್ನೂ ಸ್ವಲ್ಪ ದಪ್ಪ ಆಗಬೇಕು."

ಕಡ್ಡಿ ಅಮ್ಮನ ಜೇಬಿನ ಮೇಲೆ ಹಣೆ ಇಟ್ಟಳು. ಬ್ಯಾಡ್ಜು ತಣ್ಣಗಿತ್ತು. ಅಂಗಿಯಿಂದ ಹುಲ್ಲಿನ ವಾಸನೆ ಬರುತ್ತಿತ್ತು. ಅಮ್ಮ ಅವಳ ಬೆನ್ನನ್ನು ಮೇಲಿಂದ ಕೆಳಕ್ಕೆ ಅಂಗೈಯಿಂದ ಸವರಿದಳು, ಅಜ್ಜಿಯನ್ನು ಸವರುವ ಹಾಗೆಯೇ.

ಹೊರಗೆ ಯಾವುದೋ ಪುಟ್ಟ ಮಗುವಿನ ಅಳು ಕೇಳಿಸಿತು. ಅಮ್ಮನನ್ನು ಯಾರೋ ಕರೆದರು.

"ಸಾಯಂಕಾಲ ಅಜ್ಜಿ ಮೇಲೆ ಕೂರಿಸಬೇಕಂತೆ, ಈಗಲೇ ಅಳ್ತಿದೆ," ಅಂತ ಅಮ್ಮ ಹೊರಟಳು. "ನಾನು ಹೋಗಿ ಸಮಾಧಾನ ಮಾಡ್ತೀನಿ. ನೀನು ಅಜ್ಜಿಗೆ ಬ್ರಷ್ ಹಾಕ್ತೀಯಾ?"

ಕಡ್ಡಿ ಬ್ರಷ್ ತೆಗೆದುಕೊಂಡು ಅಜ್ಜಿಯ ಕೋಣೆಯ ಬಾಗಿಲಿಗೆ ಬಂದಳು. ಅಜ್ಜಿ ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಅದರ ಎಡಗಡೆ ಬಾಗಿಲ ಕಡೆಗಿತ್ತು.

ಕಡ್ಡಿ ಒಳಗೆ ಕಾಲಿಡಲು ಹೋಗಿ ನಿಂತಳು.

"ಅಜ್ಜಿ," ಅಂದಳು. ಏನು ಹೇಳಬೇಕು ಅಂತ ತಿಳಿಯಲಿಲ್ಲ. "ನಾನು, ಕಡ್ಡಿ. ಬಾಗಿಲ ಹತ್ತಿರ ಇದ್ದೀನಿ. ಈಗ ಒಳಗೆ ಬಂದೆ. ಹುಲ್ಲು ತುಳಿತಿದ್ದೀನಿ, ಕೇಳಿಸ್ತಾ? ಇವತ್ತು ನಾನು ಫೇಲು. ಫೇಲು ಅಲ್ಲ, ಪರೀಕ್ಷೆಗೇ ಬಿಡಲಿಲ್ಲ. ಇದು ಬ್ರಷ್ಷು. ಇದು ನನ್ನ ಕೈ."

ಅಂಗಳದ ಕಡೆಯಿಂದ ಗೊರಸಿನ ಸದ್ದು ಕೇಳಿಸಿತು. ಹಸಿರು ಬ್ಯಾಡ್ಜಿನವರು ಸವಾರಿಗೆ ಹೊರಟಿದ್ದರು. ಬೂಟು ಲಾಯದ ಮುಂದೆ ತನ್ನ ಕುದುರೆಯನ್ನು ನಿಲ್ಲಿಸಿ ಒಳಗೆ ಬಗ್ಗಿ ನೋಡಿದ. ಕಡ್ಡಿಯ ಮಾತು ನಿಲ್ಲಲಿಲ್ಲ.

"ಏನು ಹೇಳ್ತಿದ್ದೀಯ ಅದಕ್ಕೆ?" ಅಂದ. ತಮಾಷೆ ಮಾಡುವ ದನಿ ಅಲ್ಲ ಅದು.

ಕಡ್ಡಿ ಅಜ್ಜಿಯ ಕುತ್ತಿಗೆಯ ಮೇಲೆ ಬ್ರಷ್ ಎಳೆದಳು. ಎಡಗಿವಿ ಅವಳ ಕಡೆಗೇ ತಿರುಗಿ ನಿಂತಿತ್ತು.

"ನಾನು ಎಲ್ಲಿದ್ದೀನಿ ಅಂತ," ಅಂದಳು.